ಬಂದು ಹೋಗುವವರ ಲೆಕ್ಕ, ಬಂದು ನಿಂತವರ ಲೆಕ್ಕ

ಬೆಳಗಿನ ಜಾವ ಐದು ಗಂಟೆ. ಸುಳ್ಯ ತಾಲೂಕಿನ ಐವರ್ನಾಡಿನ ಗುಡ್ಡಗಳಲ್ಲಿ ಸಣ್ಣ ಸಣ್ಣ ಬೆಳಕುಗಳು ಮರದಿಂದ ಮರಕ್ಕೆ ಸರಿಯುತ್ತಿರುತ್ತವೆ. ಹಣೆಗೆ ಟಾರ್ಚ್ ಕಟ್ಟಿಕೊಂಡ ರಬ್ಬರ್ ಟ್ಯಾಪರ್‌ಗಳು ಅವರು. ಹಿಂದಿನ ಸಲದ ಗೀರಿನ ಮೇಲೆ ಒಣಗಿ ಅಂಟಿದ ಹಾಲಿನ ಎಳೆಯನ್ನು ಮೊದಲು ಕಿತ್ತು ಬುಟ್ಟಿಗೆ ಹಾಕುತ್ತಾರೆ. ಆಮೇಲೆ ಬಾಗಿದ ಮೂತಿಯ ಕತ್ತಿಯಿಂದ ಎಡದ ಮೇಲಿನಿಂದ ಬಲದ ಕೆಳಕ್ಕೆ ತೊಗಟೆಯ ತೆಳುವಾದ ಪದರವೊಂದನ್ನು ಸವರುತ್ತಾರೆ. ಕತ್ತಿ ತುಸು ಆಳಕ್ಕೆ ಹೋದರೆ ಮರಕ್ಕೆ ಗಾಯ, ಮೇಲೆ ಮೇಲೆ ಆಡಿದರೆ ಹಾಲಿಲ್ಲ. ತಗಡಿನ ನಾಲಿಗೆಯಿಂದ ಮೊದಲ ಹನಿ ಗೆರಟೆಗೆ ಬೀಳುವ ಹೊತ್ತಿಗೆ ಟ್ಯಾಪರ್ ಮುಂದಿನ ಮರದ ಬಳಿ ಇರುತ್ತಾರೆ. ಬಿಸಿಲೇರಿದರೆ ಹಾಲು ಬೇಗ ಕಟ್ಟುತ್ತದೆ, ಅದಕ್ಕೆ ಮೊದಲು ಮುನ್ನೂರರಷ್ಟು ಮರ ಮುಗಿಯಬೇಕು.

ಅದೇ ಹೊತ್ತಿನಲ್ಲಿ ಅಲ್ಲಿಂದ ಸ್ವಲ್ಪ ದೂರದ ಜಾಲ್ಸೂರು–ಸುಬ್ರಹ್ಮಣ್ಯ ರಸ್ತೆಯಲ್ಲಿ ವಾಹನಗಳ ಸಾಲು. ಕಾಸರಗೋಡು ಕಡೆಯಿಂದ, ಮಡಿಕೇರಿ ಕಡೆಯಿಂದ ಇರುಳಲ್ಲೇ ಹೊರಟವರು ಸೋಣಂಗೇರಿ, ಎಲಿಮಲೆ, ಗುತ್ತಿಗಾರು ದಾಟಿ ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನದತ್ತ ಸಾಗುತ್ತಿರುತ್ತಾರೆ. ಇನ್ನೊಂದು ದಿಕ್ಕಿನಿಂದ, ಶಿರಾಡಿ ಘಾಟಿ ಇಳಿದ ಬೆಂಗಳೂರಿನ ಬಸ್ಸುಗಳು ಗುಂಡ್ಯದಲ್ಲಿ ಎಡಕ್ಕೆ ತಿರುಗುತ್ತವೆ. ಏಳು ಗಂಟೆಗೆಲ್ಲ ಕುಮಾರಧಾರೆಯ ಸ್ನಾನಘಟ್ಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಗೆ ಹೊರಗಿನಿಂದ ಬರುವವರು ಹೀಗೆ ಎರಡು ಬಗೆ. ಎರಡು ದಿನಕ್ಕೆಂದು ಬಂದು ಸೇವೆ ಮುಗಿಸಿ ಹೋಗುವವರು ಲಕ್ಷಾಂತರ ಮಂದಿ. ಅರ್ಧ ಶತಮಾನದ ಹಿಂದೆ ಹಡಗು ಹತ್ತಿ ಬಂದು ಇಲ್ಲೇ ನಿಂತವರು ಕೆಲವು ಸಾವಿರ ಮಂದಿ. ಮೊದಲನೆಯವರ ಸಂಖ್ಯೆ ಏರಿದರೆ ಸುದ್ದಿ, ಇಳಿದರೂ ಸುದ್ದಿ. ಎರಡನೆಯವರನ್ನು ‘ಸಿಲೋನಿನವರು’ ಎಂಬ ಒಂದೇ ಮಾತಿನಲ್ಲಿ ಗುರುತಿಸಿ ಮುಂದೆ ಹೋಗುವುದು ನಮ್ಮೂರುಗಳ ರೂಢಿ. ಅವರು ಯಾಕೆ ಬಂದರು, ಯಾರು ಕರೆಸಿದರು, ಬಂದ ಮೇಲೆ ಏನಾಯಿತು ಎಂಬುದು ಪಕ್ಕದ ಗ್ರಾಮದವರಿಗೂ ಅರ್ಧಂಬರ್ಧ ಮಾತ್ರ ಗೊತ್ತು.

ಹುಂಡಿ ಹೇಳುವ ಲೆಕ್ಕ

ಮೊದಲು ಬಂದು ಹೋಗುವವರ ವಿಚಾರ. ಕುಕ್ಕೆಗೆ ಪ್ರವೇಶ ಟಿಕೆಟ್ ಇಲ್ಲ. ಹಾಗಾಗಿ ಎಷ್ಟು ಜನ ಬಂದರು ಎನ್ನುವುದಕ್ಕೆ ಹತ್ತಿರದ ಸಾಕ್ಷಿ ದೇವಸ್ಥಾನದ ವರಮಾನ. ಸೇವಾ ರಶೀದಿ, ಹುಂಡಿ, ಕಾಣಿಕೆ, ವಸತಿಗೃಹದ ಬಾಡಿಗೆ, ಎಲ್ಲವೂ ಅದರಲ್ಲಿ ಸೇರುತ್ತವೆ.

2019–20ರಲ್ಲಿ ಈ ವರಮಾನ ಸುಮಾರು 99 ಕೋಟಿ ರೂಪಾಯಿ ಇತ್ತು. ಕೊರೊನಾ ವರ್ಷವಾದ 2020–21ರಲ್ಲಿ 69 ಕೋಟಿಯ ಆಸುಪಾಸಿಗೆ ಕುಸಿಯಿತು. 2022–23ರಲ್ಲಿ 123 ಕೋಟಿ, 2023–24ರಲ್ಲಿ 146 ಕೋಟಿ, 2024–25ರಲ್ಲಿ 155 ಕೋಟಿ ದಾಟಿತು. ಮುಜರಾಯಿ ಇಲಾಖೆಯ ದೇವಸ್ಥಾನಗಳ ಪೈಕಿ ವರಮಾನದಲ್ಲಿ ಕುಕ್ಕೆಯದೇ ಮೊದಲ ಸ್ಥಾನ, ಅದೂ ವರ್ಷಗಳಿಂದ.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಸೇವೆಗಳ ದರ ಏರಿದರೂ ವರಮಾನ ಏರುತ್ತದೆ. ನಾಗದೋಷ ಕಳೆಯಲೆಂದು ಸರ್ಪಸಂಸ್ಕಾರ ಮಾಡಿಸುವ ಒಂದು ಕುಟುಂಬ ಕೊಡುವ ಹಣ, ದರ್ಶನ ಮಾಡಿ ಊಟ ಮುಗಿಸಿ ಹೊರಡುವ ಹತ್ತಾರು ಮಂದಿಯ ಕಾಣಿಕೆಗಿಂತ ಹೆಚ್ಚಿರಬಹುದು. ವರಮಾನ ದುಪ್ಪಟ್ಟಾದರೆ ಜನವೂ ದುಪ್ಪಟ್ಟಾದರು ಎಂದಲ್ಲ. ಆದರೆ ದಿಕ್ಕು ಯಾವ ಕಡೆಗೆ ಎಂಬುದರಲ್ಲಿ ಅನುಮಾನವಿಲ್ಲ.

ಸರ್ಪಸಂಸ್ಕಾರದ ವಿಷಯದಲ್ಲಿ ಇನ್ನೊಂದು ಮಾತಿದೆ. ಅದು ಎರಡು ದಿನದ ಕ್ರಿಯೆ. ಮಾಡಿಸುವವರು ರಾತ್ರಿ ಅಲ್ಲೇ ತಂಗಬೇಕು. ದರ್ಶನಕ್ಕಷ್ಟೇ ಬಂದವರು ಸಂಜೆಗೆ ಮರಳುತ್ತಾರೆ, ಸರ್ಪಸಂಸ್ಕಾರಕ್ಕೆ ಬಂದವರು ಕೋಣೆ ಕೇಳುತ್ತಾರೆ. ಒಂದು ಸಣ್ಣ ಗ್ರಾಮದಲ್ಲಿ ಇಷ್ಟೊಂದು ವಸತಿಗೃಹ, ಇಷ್ಟೊಂದು ಹೋಟೆಲ್ ಎದ್ದದ್ದರ ಮೂಲ ಇಲ್ಲಿದೆ. ಸಚಿನ್ ತೆಂಡೂಲ್ಕರ್ ಅಂಥವರು ಬಂದು ಹೋದದ್ದು, ಟಿ.ವಿ.ಯ ಜ್ಯೋತಿಷ್ಯ ಕಾರ್ಯಕ್ರಮಗಳಲ್ಲಿ ನಾಗದೋಷದ ಮಾತು ದಿನಬೆಳಗಾದರೆ ಬಂದದ್ದು ಕ್ಷೇತ್ರದ ಹೆಸರನ್ನು ಕರಾವಳಿಯಾಚೆ, ರಾಜ್ಯದಾಚೆ ಒಯ್ದವು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳ ಗುಂಪುಗಳೂ ಸೇರಿಕೊಂಡವು. ಬಯಲುಸೀಮೆಯ ಹಳ್ಳಿಯಿಂದ ಜೀವನದಲ್ಲಿ ಮೊದಲ ಬಾರಿಗೆ ಘಾಟಿ ಇಳಿದ ಅಜ್ಜಿಯರನ್ನು ಕುಕ್ಕೆಯ ಬಸ್ ನಿಲ್ದಾಣದಲ್ಲಿ ಈಗ ಯಾವ ದಿನ ಬೇಕಾದರೂ ನೋಡಬಹುದು. ನನಗಂತೂ ಇದು ಈ ಹತ್ತು ವರ್ಷಗಳ ಒಳ್ಳೆಯ ಬದಲಾವಣೆಗಳಲ್ಲಿ ಒಂದು.

ಘಾಟಿಯ ಕೈಯಲ್ಲಿ ಬೀಗದಕೈ

ಇಲ್ಲಿಗೆ ಬರುವವರ ಸಂಖ್ಯೆಯನ್ನು ನಿಜವಾಗಿ ನಿರ್ಧರಿಸುವುದು ಪಶ್ಚಿಮ ಘಟ್ಟ. ಮಂಗಳೂರು–ಹಾಸನ ಮೀಟರ್ ಗೇಜ್ ರೈಲುಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ಅದನ್ನು ಮುಚ್ಚಿದರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಹನ್ನೊಂದು ವರ್ಷ ಕುಕ್ಕೆಗೆ ಬರುವವರಿಗೆ ರಸ್ತೆಯೊಂದೇ ಗತಿಯಾಗಿತ್ತು. ಈಗ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದು ಹತ್ತು ಹನ್ನೆರಡು ಕಿಲೋಮೀಟರ್ ಜೀಪು, ಬಸ್ಸಿನಲ್ಲಿ ಹೋದರೆ ದೇವಸ್ಥಾನ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್‌ನಲ್ಲಿ 57 ಸುರಂಗ, 109 ಸೇತುವೆ. ಆ ಹಾದಿಯನ್ನೇ ನೋಡಲೆಂದು ಬರುವವರೂ ಇದ್ದಾರೆ. 2021ರ ಜುಲೈನಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಜೋಡಿಸಿದ ಮೇಲೆ ಆ ಸಂಖ್ಯೆ ಹೆಚ್ಚಿತು. 2025ರ ಏಪ್ರಿಲ್‌ನಲ್ಲಿ ಮಂಗಳೂರು–ಕಬಕ ಪುತ್ತೂರು ಪ್ಯಾಸೆಂಜರ್ ರೈಲು ಸುಬ್ರಹ್ಮಣ್ಯ ರೋಡ್‌ವರೆಗೆ ವಿಸ್ತರಿಸಿತು. ಪುತ್ತೂರು, ಕಡಬ ಕಡೆಯ ಜನ ಬಹುಕಾಲದಿಂದ ಕೇಳುತ್ತಿದ್ದ ಸೌಲಭ್ಯ ಅದು.

ಮಳೆಗಾಲದಲ್ಲಿ ಈ ಬಾಗಿಲು ಒಮ್ಮೊಮ್ಮೆ ಮುಚ್ಚುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿಯ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಯಿತು. ಅದೇ ಮಳೆಗಾಲ ಶಿರಾಡಿ ಘಾಟಿಯನ್ನೂ ಮುಚ್ಚಿಸಿತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ನಿಂತಿತು. ಅಂಥ ವಾರಗಳಲ್ಲಿ ಕುಕ್ಕೆಯ ರಥಬೀದಿ ಬಿಕೋ ಎನ್ನುತ್ತದೆ. ಹೂವು, ಹಣ್ಣುಕಾಯಿ ಮಾರುವವರು, ಆಟೋ–ಜೀಪು ಓಡಿಸುವವರು ಗಳಿಕೆಯಿಲ್ಲದೆ ಕೂರಬೇಕಾಗುತ್ತದೆ. ಪ್ರವಾಸವನ್ನೇ ನಂಬಿದ ಊರು ಎಷ್ಟು ಬೇಗ ಬಡವಾಗುತ್ತದೆ ಎಂಬುದು ಗೊತ್ತಾಗುವುದು ಆಗಲೇ.

ಬಂದವರು ಹೆಚ್ಚಾದರೂ ಕಷ್ಟವೇ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲು ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಟ್ಟಿಗೆ ನುಗ್ಗಿದರು. ಗಿರಿಗದ್ದೆಯ ಬಳಿ ಸರತಿ ನಿಂತ ಜನರ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. 1,712 ಮೀಟರ್ ಎತ್ತರದ ಆ ಶಿಖರದ ಸುತ್ತಲಿನ ಹುಲ್ಲುಗಾವಲು, ಶೋಲಾ ಕಾಡು ಅಷ್ಟು ಕಾಲುಗಳನ್ನು ತಡೆಯುವಂಥದ್ದಲ್ಲ. ಅರಣ್ಯ ಇಲಾಖೆ ಚಾರಣ ನಿಲ್ಲಿಸಿತು. ಆ ವರ್ಷದ ಅಕ್ಟೋಬರಿನಲ್ಲಿ ಆನ್‌ಲೈನ್ ಬುಕ್ಕಿಂಗ್ ಮಾಡಿ ದಿನಕ್ಕೆ 300 ಮಂದಿ ಎಂಬ ಮಿತಿ ಬಂತು. ಕಾಡಿಗೆ ಒಂದು ಮಿತಿಯಿದೆ ಎಂದು ಸರ್ಕಾರ ಅಂಕಿಯಲ್ಲಿ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಇಂಥದೇ ಲೆಕ್ಕ ಊರಿನ ನೀರಿಗೆ, ಚರಂಡಿಗೆ, ಕಸಕ್ಕೆ ಇನ್ನೂ ಬರಬೇಕು. ಮಹಾನಗರದ ಜನ ಬಂದಿಳಿಯುವ ಸುಬ್ರಹ್ಮಣ್ಯ ಇವತ್ತಿಗೂ ಒಂದು ಗ್ರಾಮ ಪಂಚಾಯತ್.

ಮರವೂ ಪರದೇಶಿ

ಇನ್ನು ಐವರ್ನಾಡಿನ ಗುಡ್ಡಕ್ಕೆ ಮರಳೋಣ. ಅಲ್ಲಿ ನಿಂತ ರಬ್ಬರ್ ಮರವೇ ದೂರದಿಂದ ಬಂದದ್ದು. ಬ್ರೆಜಿಲಿನ ಅಮೆಜಾನ್ ಕಾಡಿನಿಂದ 1876ರಲ್ಲಿ ಅದರ ಬೀಜವನ್ನು ಇಂಗ್ಲೆಂಡಿನ ಕ್ಯೂ ಉದ್ಯಾನಕ್ಕೆ ಒಯ್ದರು. ಅಲ್ಲಿ ಮೊಳೆತ ಸಸಿಗಳಲ್ಲಿ ಹೆಚ್ಚಿನವನ್ನು ಅದೇ ವರ್ಷ ಸಿಲೋನಿಗೆ ಕಳಿಸಿದರು. ಕೊಲಂಬೊ ಸಮೀಪದ ಹೆನರತ್‌ಗೊಡ ತೋಟದಲ್ಲಿ ಅವು ಬೇರೂರಿದವು. ಮುಂದೆ ಕೇರಳದ ಗುಡ್ಡಗಳಿಗೆ, ಅಲ್ಲಿಂದ ನಮ್ಮ ಕಡೆಗೆ ಬಂದವು.

ಸಿಲೋನಿಗೆ ಮರ ಹೋಗುವ ಎಷ್ಟೋ ಮೊದಲೇ ನಮ್ಮ ಜನ ಹೋಗಿದ್ದರು. ಬ್ರಿಟಿಷರು ಅಲ್ಲಿನ ಬೆಟ್ಟ ಕಡಿದು ಕಾಫಿ ಹಾಕಿದಾಗ ಕೆಲಸಕ್ಕೆ ಬೇಕಾದದ್ದು ತಮಿಳುನಾಡಿನ ಬಡವರು. ತಿರುನೆಲ್ವೇಲಿ, ಮಧುರೆ, ರಾಮನಾಡು, ತಿರುಚಿ, ಸೇಲಂ ಸೀಮೆಗಳಿಂದ ಕಂಗಾಣಿ ಎಂಬ ಮೇಸ್ತ್ರಿಗಳು ಮುಂಗಡ ಕೊಟ್ಟು ಜನ ಸೇರಿಸುತ್ತಿದ್ದರು. ಹೆಚ್ಚಿನವರು ದಲಿತರು, ಭೂಮಿಯಿಲ್ಲದವರು. ಮನ್ನಾರಿನಲ್ಲಿ ದೋಣಿ ಇಳಿದು ಕಾಡಿನ ನಡುವೆ ಮಾತಳೆಯವರೆಗೆ ನಡೆದುಹೋಗಬೇಕಿತ್ತು. ಕಾಲರಾ, ಜ್ವರ, ಹಸಿವಿನಿಂದ ದಾರಿಯಲ್ಲೇ ಸತ್ತವರು ಅಸಂಖ್ಯ. 1869ರಲ್ಲಿ ಕಾಣಿಸಿಕೊಂಡ ಎಲೆರೋಗ ಕಾಫಿಯನ್ನು ನಾಶ ಮಾಡಿತು, ಆ ಜಾಗಕ್ಕೆ ಚಹಾ ಬಂತು. ಬೆಳೆ ಬದಲಾದರೂ ಕೆಲಸದವರು ಅವರೇ ಉಳಿದರು. ನಾಲ್ಕೈದು ತಲೆಮಾರು ‘ಲೈನ್’ ಮನೆಗಳಲ್ಲಿ ಹುಟ್ಟಿ ಅಲ್ಲೇ ಮಣ್ಣಾಯಿತು.

ಯಾವ ದೇಶದವರೂ ಅಲ್ಲ

1948ರ ಫೆಬ್ರುವರಿ 4ರಂದು ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವ ಕಾಯ್ದೆ ತಂದೆ, ತಾತ ಅಲ್ಲೇ ಹುಟ್ಟಿದ್ದಕ್ಕೆ ದಾಖಲೆ ಕೇಳಿತು. ತೋಟದ ಲೈನಿನಲ್ಲಿ ಹುಟ್ಟಿದವರ ಬಳಿ ಜನನ ಪತ್ರ ಎಲ್ಲಿಂದ ಬರಬೇಕು? ಲಕ್ಷಾಂತರ ಮಂದಿ ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ಮತದ ಹಕ್ಕೂ ಹೋಯಿತು. ಅವರು ಭಾರತೀಯರು ಎಂದು ಸಿಲೋನ್, ಅಲ್ಲಿಯವರೇ ಎಂದು ಭಾರತ. ಹದಿನಾರು ವರ್ಷ ಈ ಹಗ್ಗಜಗ್ಗಾಟ ನಡೆಯಿತು.

1964ರ ಅಕ್ಟೋಬರ್ 30ರಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಒಂದು ಒಪ್ಪಂದಕ್ಕೆ ಬಂದರು. ದೇಶವಿಲ್ಲದ 9 ಲಕ್ಷ 75 ಸಾವಿರ ಜನರಲ್ಲಿ 5 ಲಕ್ಷ 25 ಸಾವಿರ ಮಂದಿಯನ್ನು ಭಾರತ ತೆಗೆದುಕೊಳ್ಳುವುದು, 3 ಲಕ್ಷ ಮಂದಿಯನ್ನು ಸಿಲೋನ್ ಉಳಿಸಿಕೊಳ್ಳುವುದು ಎಂದಾಯಿತು. ಮಿಕ್ಕ ಒಂದೂವರೆ ಲಕ್ಷದ ಪ್ರಶ್ನೆಯನ್ನು ಮುಂದೂಡಿದರು. 1974ರಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಅದನ್ನು ಸರಿಪಾಲು ಮಾಡಿಕೊಂಡರು. ಸಹಿ ಹಾಕಿದವರು ಯಾರೂ ಆ ಹತ್ತು ಲಕ್ಷ ಜನರನ್ನು ಕೇಳಲಿಲ್ಲ. ಅರ್ಜಿ ಹಾಕುವಾಗ ಯಾವ ಕಡೆ ಎಂದು ಬರೆಯುವ ಅವಕಾಶವಿತ್ತು ನಿಜ, ಆದರೆ ಒಂದೇ ಕುಟುಂಬದ ಅಣ್ಣ ಅಲ್ಲಿ, ತಮ್ಮ ಇಲ್ಲಿ ಆದದ್ದೂ ನಿಜ.

ಒಪ್ಪಂದವಾಗಿ ಎರಡು ತಿಂಗಳೊಳಗೆ, 1964ರ ಡಿಸೆಂಬರ್ ಕೊನೆಯಲ್ಲಿ, ಚಂಡಮಾರುತ ಧನುಷ್ಕೋಡಿಯನ್ನು ಅಳಿಸಿಹಾಕಿತು. ಸಿಲೋನಿನ ಹಡಗು ಬರುತ್ತಿದ್ದ ರೇವು ಅದು. ಆಮೇಲೆ ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು. ಅಲ್ಲಿಂದ ಮಂಡಪಂ ಶಿಬಿರ. ಕೈಯಲ್ಲಿ ಕ್ಯಾಂಡಿಯ ಭಾರತೀಯ ಕಚೇರಿ ಕೊಟ್ಟ ಪಾಸ್‌ಪೋರ್ಟ್ ಮತ್ತು ‘ಫ್ಯಾಮಿಲಿ ಕಾರ್ಡ್’. ಮನೆಯವರೆಲ್ಲರ ಹೆಸರು, ವಯಸ್ಸು, ಯಾವ ಪುನರ್ವಸತಿ ಯೋಜನೆಗೆ ಹೋಗಬೇಕು ಎಂಬುದು ಆ ಕಾರ್ಡಿನಲ್ಲಿ. ಹಳೆಯ ಕಾಲೊನಿಗಳಲ್ಲಿ ಇವತ್ತಿಗೂ ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡವರಿದ್ದಾರೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ಇವರನ್ನು ‘ನಿರಾಶ್ರಿತರು’ ಎನ್ನುವುದು ವಾಡಿಕೆ, ಅದು ಸರಿಯಲ್ಲ. 1983ರ ಜುಲೈ ಹಿಂಸಾಚಾರದ ಬಳಿಕ ಜೀವ ಉಳಿಸಿಕೊಳ್ಳಲು ದೋಣಿ ಹತ್ತಿ ತಮಿಳುನಾಡಿನ ಶಿಬಿರಗಳಿಗೆ ಬಂದವರು ನಿರಾಶ್ರಿತರು. ಸುಳ್ಯಕ್ಕೆ ಬಂದವರು ಎರಡು ಸರ್ಕಾರಗಳ ಒಪ್ಪಂದದ ಮೇರೆಗೆ, ಭಾರತದ ಪೌರರೆಂದು ನೋಂದಾಯಿಸಿಕೊಂಡೇ ಬಂದವರು. ತಾತ ಮುತ್ತಾತಂದಿರ ದೇಶಕ್ಕೆ ಕಾನೂನಿನ ಬಾಗಿಲಿನಿಂದ ಮರಳಿದವರು. ಮರಳಿದ್ದು ಮಾತ್ರ ತಾತನ ಊರಿಗಲ್ಲ.

ಗುಡ್ಡದ ಮೇಲೆ ಕಾಲೊನಿ

ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ಕೆಲಸ ಎಲ್ಲಿ? ತಮಿಳುನಾಡು ನೀಲಗಿರಿಯಲ್ಲಿ 1968ರಿಂದ ಸರ್ಕಾರಿ ಚಹಾ ತೋಟ ಬೆಳೆಸಿತು, ಮುಂದೆ ಅದೇ ಟ್ಯಾನ್‌ಟೀ ಆಯಿತು. ಕೇರಳ ಪುನಲೂರಿನಲ್ಲಿ 1976ರಲ್ಲಿ ರಬ್ಬರ್ ತೋಟದ ಕಂಪನಿ ತೆರೆಯಿತು. ಆಂಧ್ರದಲ್ಲಿ ನೂಲಿನ ಗಿರಣಿಗಳು. ಕರ್ನಾಟಕದ ಪಾಲಿಗೆ ಬಂದದ್ದು ಸುಳ್ಯ–ಪುತ್ತೂರಿನ ರಬ್ಬರ್. 1960ರ ದಶಕದಲ್ಲಿ ಅರಣ್ಯ ಇಲಾಖೆ ಶುರುಮಾಡಿದ್ದ ಈ ತೋಟಗಳು, 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಗೆ ಮುಂದೆ ಬಂದವು. ಐವರ್ನಾಡು, ಮೇದಿನಡ್ಕ, ಕೂಟೇಲು, ನಾಗಪಟ್ಟಣ, ಕಡಬ ಕಡೆಯ ಐತ್ತೂರು ಹೀಗೆ ಗುಡ್ಡಗುಡ್ಡಗಳಲ್ಲಿ ಕಾಲೊನಿಗಳು ಎದ್ದವು.

ಬಂದವರಲ್ಲಿ ಬಹಳ ಮಂದಿ ಚಹಾ ತೋಟದವರು. ಎರಡೂ ಕೈಯಿಂದ ಚಿಗುರು ಕೀಳುವುದರಲ್ಲಿ ಪಳಗಿದವರಿಗೆ ಇಲ್ಲಿ ಕತ್ತಿ ಹಿಡಿಯುವುದನ್ನು ಹೊಸದಾಗಿ ಕಲಿಯಬೇಕಾಯಿತು. ನುವರ ಎಲಿಯದ ತಂಪಿನಿಂದ ಬಂದವರಿಗೆ ಇಲ್ಲಿನ ಏಪ್ರಿಲ್ ಸೆಖೆ, ಜುಲೈ ಜಡಿಮಳೆ, ಉಂಬುಳು. ನೆಟ್ಟ ರಬ್ಬರ್ ಹಾಲು ಕೊಡಲು ಏಳು ವರ್ಷ ಬೇಕು, ಅಲ್ಲಿಯವರೆಗೆ ಗುಂಡಿ ತೋಡುವುದು, ಕಳೆ ಕೀಳುವುದು, ನರ್ಸರಿ ಕೆಲಸ.

ಐವತ್ತು ವರ್ಷದಲ್ಲಿ ಅವರು ಈ ನೆಲಕ್ಕೆ ಹೊಂದಿಕೊಂಡ ಬಗೆ ಕಿವಿಗೆ ಬೀಳುತ್ತದೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬೆಳ್ಳಾರೆ ಪೇಟೆಯಲ್ಲಿ ತುಳು, ಪಕ್ಕದ ಗೌಡರ ಮನೆಯಲ್ಲಿ ಅರೆಭಾಷೆ. ಕಾಲೊನಿಯ ಮಾರಿಯಮ್ಮನ ಗುಡಿಯಲ್ಲಿ ಕರಗ ಎದ್ದರೆ ಸುತ್ತಲಿನವರೂ ಹೋಗುತ್ತಾರೆ. ಮದುವೆ ಸಂಬಂಧ ಮಾತ್ರ ಬಹುಪಾಲು ಗೂಡಲೂರು, ಕೋತಗಿರಿಯ ಕಡೆಗೇ. ಅದೇ ಹಡಗಿನಲ್ಲಿ ಬಂದ ಬಂಧುಗಳು ಅಲ್ಲಿದ್ದಾರೆ.

ಎರಡು ಕಾಗದಗಳು

ಹೊಂದಿಕೊಂಡವರಿಗೆ ಕಚೇರಿಗಳು ಅಷ್ಟು ಬೇಗ ಹೊಂದಿಕೊಳ್ಳಲಿಲ್ಲ. ಎರಡು ಕಾಗದಗಳ ವಿಷಯದಲ್ಲಿ ಅವರು ತಲೆಮಾರುಗಟ್ಟಲೆ ಅಲೆದಿದ್ದಾರೆ.

ಒಂದು, ಜಾತಿ ಪ್ರಮಾಣಪತ್ರ. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಒಂದು ಕುಟುಂಬಕ್ಕೆ ಯಾವ ರಾಜ್ಯದ ಪಟ್ಟಿ ಅನ್ವಯ ಎನ್ನುವುದನ್ನು, 1950ರಲ್ಲಿ ರಾಷ್ಟ್ರಪತಿ ಆದೇಶ ಹೊರಟಾಗ ಆ ಕುಟುಂಬ ಖಾಯಂ ಎಲ್ಲಿ ವಾಸವಿತ್ತು ಎಂಬುದರ ಮೇಲೆ ನಿರ್ಧರಿಸುತ್ತಾರೆ. 1950ರಲ್ಲಿ ಇವರಿದ್ದದ್ದು ಸಮುದ್ರದಾಚೆ. ಜಾತಿಯ ಅವಮಾನವನ್ನು ಅಜ್ಜ ಅಲ್ಲಿಯೂ ಉಂಡಿದ್ದ, ಮೊಮ್ಮಗ ಇಲ್ಲಿಯೂ ಉಂಡ. ಆದರೆ ಅದರ ಪರಿಹಾರಕ್ಕಿರುವ ಪತ್ರ ಕೇಳಿದಾಗ ಕೌಂಟರಿನ ಆಚೆಯಿಂದ ಬಂದ ಪ್ರಶ್ನೆ, ನೀವು ಯಾವ ರಾಜ್ಯದವರು ಎಂಬುದು. ವಿದ್ಯಾರ್ಥಿವೇತನ, ಹಾಸ್ಟೆಲು, ನೌಕರಿ ಎಲ್ಲದಕ್ಕೂ ಆ ಪತ್ರವೇ ಆಧಾರವಾದ್ದರಿಂದ ಎಷ್ಟೋ ಮಕ್ಕಳ ಓದು ಹತ್ತನೆಯ ತರಗತಿಗೇ ನಿಂತಿತು.

ಇನ್ನೊಂದು, ಮನೆಯ ಹಕ್ಕುಪತ್ರ. ಕಾಲೊನಿಯ ಮನೆ ನಿಗಮದ್ದು, ಕೆಳಗಿನ ನೆಲ ಅರಣ್ಯದ್ದು. ಕೆಲಸವಿರುವ ತನಕ ಮನೆ, ನಿವೃತ್ತಿಯಾದರೆ ಬಿಡಬೇಕು. ಮನೆ ಉಳಿಸಿಕೊಳ್ಳಲು ಮಗನೋ ಸೊಸೆಯೋ ತೋಟದ ಕೆಲಸಕ್ಕೆ ಸೇರಬೇಕು. ಓದಿದ ಮಗ ಬೆಂಗಳೂರಿಗೆ ಹೊರಟರೆ ಅಪ್ಪ ಅಮ್ಮನ ಸೂರಿನ ಪ್ರಶ್ನೆ ಏಳುತ್ತದೆ. ತೋಟದ ಕೂಲಿಯನ್ನು ಮನೆಗೆ ಕಟ್ಟಿಹಾಕುವ ಈ ಪದ್ಧತಿ ಸಿಲೋನಿನ ಲೈನಿನಲ್ಲೂ ಇತ್ತು. ಕಡಲು ದಾಟಿದ ಮೇಲೂ ಅದು ಬೆನ್ನು ಬಿಡಲಿಲ್ಲ ಎಂಬುದೇ ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ನೋವಿನ ಸಂಗತಿ.

ಕಾನೂನಿನಲ್ಲಿ ದಾರಿಯಿಲ್ಲವೆ? 2006ರ ಅರಣ್ಯ ಹಕ್ಕು ಕಾಯ್ದೆಯ ಕಡೆ ನೋಡಿದರೆ, ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರೆಂದು ತೋರಿಸಬೇಕು. 1970ರ ದಶಕದಲ್ಲಿ ಸರ್ಕಾರವೇ ತಂದು ಕೂರಿಸಿದವರು ಅದನ್ನು ತೋರಿಸುವುದು ಸಾಧ್ಯವಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡಲು ಕೇಂದ್ರದ ಒಪ್ಪಿಗೆ ಬೇಕು. ಅವರು ಬಂದು ನೆಲೆಸುವಾಗ ಈ ಎರಡು ಕಾಯ್ದೆಗಳೂ ಇರಲಿಲ್ಲ. ಆಗಲೇ ಮನೆಯಡಿಯ ಜಾಗ ಬರೆದುಕೊಟ್ಟಿದ್ದರೆ ಇಂದಿನ ತೊಡಕೇ ಇರುತ್ತಿರಲಿಲ್ಲ.

ಬೆಲೆ ಬಿದ್ದಾಗ

ತೋಟದ ಗತಿಯೂ ಮೊದಲಿನಂತಿಲ್ಲ. 2011ರಲ್ಲಿ ಕಿಲೋ ರಬ್ಬರಿಗೆ 240 ರೂಪಾಯಿಯ ಆಸುಪಾಸು ಇತ್ತು. 2016ರ ಆರಂಭದಲ್ಲಿ ನೂರರ ಕೆಳಗೆ ಇಳಿಯಿತು. ವಿದೇಶದಿಂದ ಅಗ್ಗದ ರಬ್ಬರ್ ಬಂದಾಗ, ಕಚ್ಚಾತೈಲ ಅಗ್ಗವಾಗಿ ಕೃತಕ ರಬ್ಬರ್ ಸೋವಿಯಾದಾಗ ಪೆಟ್ಟು ಬೀಳುವುದು ಮರದ ಬುಡದಲ್ಲಿ ನಿಂತವರಿಗೆ. ಹಳೆಯ ಮರಗಳ ಹಾಲು ಕಡಿಮೆ. ಕಡಿದು ಹೊಸದು ನೆಟ್ಟರೆ ಮತ್ತೆ ಏಳು ವರ್ಷ ಆದಾಯವಿಲ್ಲ. ಮಳೆ ಹೆಚ್ಚಾದ ವರ್ಷ ಪ್ಲಾಸ್ಟಿಕ್ ರೈನ್‌ಗಾರ್ಡ್ ಕಟ್ಟಿದರೂ ಟ್ಯಾಪಿಂಗ್ ದಿನ ಕಡಿಮೆಯಾಗುತ್ತದೆ. ಫೆಬ್ರುವರಿಯಲ್ಲಿ ಎಲೆ ಉದುರಿದ ಮೇಲೆ ಹೇಗೂ ಕೆಲಸವಿಲ್ಲ.

ಹೊಸ ತಲೆಮಾರು ಹೊರಟಿದೆ. ಕೆಲವರು ಕೊಯಮತ್ತೂರು, ಬೆಂಗಳೂರಿಗೆ, ಕೆಲವರು ಸುಳ್ಯ, ಪುತ್ತೂರಿನ ಅಂಗಡಿ, ಗ್ಯಾರೇಜು, ಆಸ್ಪತ್ರೆಗಳಿಗೆ. ಕುಕ್ಕೆಯ ಹೋಟೆಲು, ವಸತಿಗೃಹ, ಟ್ಯಾಕ್ಸಿಗಳಲ್ಲೂ ಕಾಲೊನಿಯ ಹುಡುಗರಿದ್ದಾರೆ. ಬಂದು ನಿಂತವರ ಮಕ್ಕಳು ಬಂದು ಹೋಗುವವರನ್ನು ನಂಬಿ ದುಡಿಯುವ ಕಾಲ ಇದು.

ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲ

ಈ ಸೀಮೆಗೆ ಬಂದು ನಿಂತವರಲ್ಲಿ ಸಿಲೋನಿನವರು ಮೊದಲಿಗರೇನಲ್ಲ. ಅರೆಭಾಷೆ ಗೌಡರ ಹಿರಿಯರು ಘಟ್ಟದ ಮೇಲಿನ ಐಗೂರು ಸೀಮೆಯಿಂದ ಇಳಿದವರೆಂಬುದು ಅವರ ಮನೆಮನೆಯ ಮಾತು. ತಿರುವಾಂಕೂರು ಕಡೆಯ ಕ್ರೈಸ್ತ ರೈತರು ಕಳೆದ ಶತಮಾನದ ನಡುವಿನಿಂದ ಮಲಬಾರ್ ದಾಟಿ ನೆಲ್ಯಾಡಿ, ಇಚ್ಲಂಪಾಡಿ, ಕಡಬದ ಸುತ್ತ ಜಾಗ ಕೊಂಡು ಮರಗೆಣಸು, ರಬ್ಬರ್ ಹಾಕಿದರು. ಅವರು ಎಷ್ಟು ಬೇರೂರಿದರೆಂದರೆ, 2010ರಲ್ಲಿ ಸಿರೊ ಮಲಂಕರ ಕಥೊಲಿಕ ಸಭೆ ಪುತ್ತೂರನ್ನೇ ಕೇಂದ್ರವಾಗಿಸಿ ಹೊಸ ಧರ್ಮಪ್ರಾಂತ್ಯ ಸ್ಥಾಪಿಸಿತು.

ಈ ಕೇರಳದ ರೈತರ ಕಥೆಯನ್ನೂ ಸಿಲೋನಿನವರ ಕಥೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಕೇರಳದವರು ಬಡತನದಿಂದಲೇ ಬಂದರು, ಕಾಡುಹಂದಿ, ಮಲೇರಿಯಾಗಳ ಜತೆ ಸೆಣಸಿದರು, ಆದರೆ ಅವರ ಕೈಗೆ ಜಾಗದ ಕಾಗದವಿತ್ತು. ಎರಡನೆಯ ತಲೆಮಾರಿಗೆ ತೋಟ, ಮೂರನೆಯದಕ್ಕೆ ಕಾಲೇಜು. ಅದೇ ಮರವನ್ನು, ಅದೇ ಗುಡ್ಡದಲ್ಲಿ, ಅಷ್ಟೇ ಶ್ರದ್ಧೆಯಿಂದ ಕೆತ್ತಿದ ಸಿಲೋನಿನವರ ಮೂರನೆಯ ತಲೆಮಾರು ಇನ್ನೂ ಹಕ್ಕುಪತ್ರ ಕೇಳುತ್ತಿದೆ. ದುಡಿಮೆಯಲ್ಲಿ ಇದ್ದ ವ್ಯತ್ಯಾಸವಲ್ಲ ಇದು.

ಈಗ ಬರುತ್ತಿರುವವರು ಅಸ್ಸಾಂ, ಬಂಗಾಳ, ಒಡಿಶಾ, ಜಾರ್ಖಂಡ್‌ನವರು. ಅಡಿಕೆ ಸುಲಿಯುವಲ್ಲಿ, ಕಟ್ಟಡ ಕಟ್ಟುವಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ, ರಬ್ಬರ್ ತೋಟದಲ್ಲಿ ಹಿಂದಿ ಕೇಳಿಬರುತ್ತಿದೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಿಂದ ಅವರಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. 2021ರ ಆಗಸ್ಟ್‌ನಿಂದ ಇ–ಶ್ರಮ್ ನೋಂದಣಿಯೂ ಇದೆ. ಅವರಲ್ಲಿ ಕೆಲವರಾದರೂ ಇಲ್ಲೇ ನಿಲ್ಲುತ್ತಾರೆ, ಅವರ ಮಕ್ಕಳು ಈಗಾಗಲೇ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಅಕ್ಷರ ತಿದ್ದುತ್ತಿದ್ದಾರೆ.

ಸಿಲೋನ್ ಕಾಲೊನಿಗಳ ಮಟ್ಟಿಗೆ ಆಗಬೇಕಾದ ಕೆಲಸ ಸ್ಪಷ್ಟವಿದೆ. ಸಾವಿರಾರು ಹೆಕ್ಟೇರ್ ತೋಟದಲ್ಲಿ ಮನೆಗಳು ನಿಂತ ನೆಲ ತೀರಾ ಸ್ವಲ್ಪ. ಕಾಲೊನಿಗಳ ಗಡಿ ಅಳೆದು, ಅಷ್ಟು ಜಾಗವನ್ನು ಅರಣ್ಯದಿಂದ ಬಿಡಿಸಿ, ಬದಲಿಗೆ ಬೇರೆಡೆ ಕಾಡು ಬೆಳೆಸುವ ಪ್ರಸ್ತಾವವನ್ನು ರಾಜ್ಯ ಸರ್ಕಾರ ಕೇಂದ್ರಕ್ಕೆ ಕಳಿಸಬೇಕು. ಸುಲಭವಲ್ಲ, ಆದರೆ 1980ರ ಕಾಯ್ದೆ ಮುಚ್ಚಿದ ಬಾಗಿಲೂ ಅಲ್ಲ. ರಸ್ತೆಗೆ, ವಿದ್ಯುತ್ ಮಾರ್ಗಕ್ಕೆ, ರೈಲಿಗೆ ಇದೇ ಘಟ್ಟದಲ್ಲಿ ಅರಣ್ಯಭೂಮಿ ಬಿಟ್ಟುಕೊಟ್ಟ ಉದಾಹರಣೆಗಳಿವೆ. 1964ರ ಒಪ್ಪಂದಕ್ಕೆ ಸಹಿ ಹಾಕಿದ್ದು ಕೇಂದ್ರ, ಕುಟುಂಬಗಳನ್ನು ಬರಮಾಡಿಕೊಂಡದ್ದು ರಾಜ್ಯ. ಹಾಗಾಗಿ ಇದು ಎರಡೂ ಸರ್ಕಾರಗಳ ಹಳೆಯ ಬಾಕಿ. ಮೊದಲ ಹಡಗುಗಳಲ್ಲಿ ಹುಡುಗರಾಗಿ ಬಂದವರಿಗೆ ಈಗ ಅರುವತ್ತು ದಾಟಿದೆ, ಅವರು ನಿಗಮದ ಮನೆ ಬಿಡಬೇಕಾದ ವಯಸ್ಸು ಅದು.